ಸಗಣಿ ಯಾರದು, ಬಿಸಿಲು ಯಾರದು?

ಜನಕ್ಕೆ ತಿಳುವಳಿಕೆ ಇಲ್ಲ ಅಂತಾರೆ. ಸೌರಶಕ್ತಿ, ಗೋಬರ್ ಗ್ಯಾಸ್, ಹೊಗೆಯಿಲ್ಲದ ಒಲೆ, ಯಾವುದರ ಮಾತು ಬಂದರೂ ವೇದಿಕೆ ಮೇಲೆ ಕೂತವರ ಮೊದಲ ವಾಕ್ಯ ಇದೇ. ಹಳ್ಳಿಗರಲ್ಲಿ ಅರಿವು ಮೂಡಿಸಬೇಕು, ಅವರ ಮನಸ್ಸು ಬದಲಾಗಬೇಕು, ಹೆಂಗಸರಿಗೆ ತರಬೇತಿ ಕೊಡಬೇಕು. ಭಾಷಣ ಮುಗಿದ ಮೇಲೆ ಕಾಫಿ, ಕಾಫಿ ಆದಮೇಲೆ ಜೀಪು. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಈ ಮಾತನ್ನು ನಾವು ಐವತ್ತು ವರ್ಷಗಳಿಂದ ಕೇಳುತ್ತಾ ಬಂದಿದ್ದೇವೆ. ಮಾತು ಬದಲಾಗಿಲ್ಲ, ಜೀಪು ಹೋಗಿ ಎ.ಸಿ. ಕಾರು ಬಂದಿದೆ ಅಷ್ಟೆ. ಈ ಮಾತು ಎಷ್ಟು ಸುಳ್ಳು ಅನ್ನೋದನ್ನು ತೋರಿಸೋದಕ್ಕೆ ಹೊರದೇಶದ ಪುಸ್ತಕ ಬೇಕಿಲ್ಲ. ನಮ್ಮ ಜಿಲ್ಲೆಯಲ್ಲಿ ನಡೆದದ್ದನ್ನು ನೆನಪು ಮಾಡಿಕೊಂಡರೆ ಸಾಕು.

ಮೊದಲು ಒಂದು ಸರಳ ಸಂಗತಿ. ಸರ್ಕಾರಿ ಕನ್ನಡದಲ್ಲಿ ಯಾವುದನ್ನು 'ನವೀಕರಿಸಬಹುದಾದ ಇಂಧನ' ಅಂತ ಕರೀತಾರೋ, ಅದನ್ನೇ ನಂಬಿಕೊಂಡು ನಮ್ಮ ಕೇರಿಗಳು ತಲೆತಲಾಂತರದಿಂದ ಬದುಕಿವೆ. ಪುಳ್ಳೆ, ತರಗು, ತೆಂಗಿನ ಸೋಗೆ, ಕರಟ, ಗೋಮಾಳದಲ್ಲಿ ಬಿದ್ದ ಸಗಣಿಯಿಂದ ತಟ್ಟಿದ ಬೆರಣಿ, ಎತ್ತಿನ ಹೆಗಲು, ಅದಕ್ಕೂ ಮಿಗಿಲಾಗಿ ಜೀತದಾಳಿನ ರಟ್ಟೆ. ಇವೆಲ್ಲ ಮತ್ತೆ ಮತ್ತೆ ಹುಟ್ಟುವ ಶಕ್ತಿಯೇ ಅಲ್ಲವೇ? ಕಲ್ಲಿದ್ದಲು ಸುಟ್ಟವರು ಯಾರು, ಡೀಸೆಲ್ ಸುಟ್ಟವರು ಯಾರು? ಹೊಲಗೇರಿಯವರಂತೂ ಅಲ್ಲ. ಜಗತ್ತು ಬಿಸಿಯಾಗಿದೆ, ನೀವು ಬದಲಾಗಿ ಅಂತ ಈಗ ನಮ್ಮ ಮನೆ ಬಾಗಿಲಿಗೆ ಬಂದು ಹೇಳುವವರು ಮೊದಲು ಈ ಲೆಕ್ಕ ಒಪ್ಪಬೇಕು.

ಕರೆಂಟಿನ ಕಥೆಯೂ ಹೀಗೇ. ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಹುಟ್ಟಿತು. ನೀರಿನಿಂದ ಹುಟ್ಟಿದ ಅದೂ ನವೀಕರಿಸಬಹುದಾದದ್ದೇ. ಆದರೆ ಅದು ಮೊದಲು ಹೋದದ್ದು ಪಕ್ಕದ ಹಳ್ಳಿಗಲ್ಲ. ಸುಮಾರು 147 ಕಿಲೋಮೀಟರು ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ, ಬ್ರಿಟಿಷ್ ಕಂಪನಿಯ ಯಂತ್ರಗಳಿಗೆ. 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ಆಮೇಲೆ ಜೋಗ, ಆಮೇಲೆ 1964ರ ಲಿಂಗನಮಕ್ಕಿ. ಶರಾವತಿ ಕಣಿವೆಯ ಜನ ಮುಳುಗಿದರು, ದೀಪ ಬೇರೆ ಕಡೆ ಹತ್ತಿತು. ತಂತಿ ಹೊಲದ ಮೇಲೆ ಹಾದುಹೋಗುತ್ತಿತ್ತು, ಕೆಳಗಿನ ಗುಡಿಸಿಲಲ್ಲಿ ಸೀಮೆಎಣ್ಣೆ ಬುಡ್ಡಿ. ಊರಿಗೆ ಕಂಬ ಬಂದರೂ ಅದು ಮೊದಲು ನಿಂತದ್ದು ಊರೊಳಗೆ. ಕೇರಿಗೆ ಇನ್ನೊಂದು ಕಂಬ ಬೇಕು ಅಂದರೆ ಅರ್ಜಿಯ ಮೇಲೆ ಅರ್ಜಿ. 1979-80ರ ಸುಮಾರಿಗೆ ಭಾಗ್ಯಜ್ಯೋತಿ ಅಂತ ಬಡವರ ಮನೆಗೆ ಒಂದು ಬಲ್ಬು ಬಂತು. ಒಂದೇ ಒಂದು. ಅದನ್ನು ಅಡುಗೆ ಮನೆಗೆ ಹಾಕಬೇಕೋ ಮಕ್ಕಳು ಓದುವ ಜಗುಲಿಗೆ ಹಾಕಬೇಕೋ ಅಂತ ಮನೆಯಲ್ಲಿ ಜಗಳವಾಗುತ್ತಿದ್ದುದನ್ನು ನಮ್ಮಲ್ಲಿ ಬಹಳ ಜನ ಕಂಡಿದ್ದೇವೆ.

ಇಷ್ಟು ಹಿನ್ನೆಲೆ ಇಟ್ಟುಕೊಂಡು ಕುಣಿಗಲ್ ತಾಲ್ಲೂಕಿಗೆ ಬರೋಣ.

1973ರಲ್ಲಿ ಅರಬ್ ದೇಶಗಳು ತೈಲದ ಬೆಲೆ ಏರಿಸಿದವು. ಅದೇ ವರ್ಷ ಇಲ್ಲಿ ಬೂಸಾ ಪ್ರಕರಣ. ಮರುವರ್ಷ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ. ಉಳುವವನೇ ಒಡೆಯ ಅಂದರು. ಗೇಣಿದಾರನಿಗೆ ಒಂದಷ್ಟು ಸಿಕ್ಕಿತು, ಗೇಣಿ ಕಾಗದವೂ ಇಲ್ಲದೆ ಬರಿಗೈಯಲ್ಲಿ ದುಡಿದ ಕೂಲಿಯವನಿಗೆ ಸಿಕ್ಕಿದ್ದು ಕಡಿಮೆ. ಆ 1974ರಲ್ಲೇ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, 'ಅಸ್ತ್ರ' ಅನ್ನುವ ತಂಡ ಹುಟ್ಟಿತು. ವಿಜ್ಞಾನ ಹಳ್ಳಿಗೆ ಹೋಗಬೇಕು ಅನ್ನುವುದು ಅದರ ಉದ್ದೇಶ. ಅದನ್ನು ಕಟ್ಟಿದವರಲ್ಲಿ ಮುಂದಾಳು ಅಮೂಲ್ಯ ಕುಮಾರ ನಾರಾಯಣ ರೆಡ್ಡಿ. ವಿದ್ಯುತ್ ರಸಾಯನಶಾಸ್ತ್ರದಲ್ಲಿ ಹೆಸರು ಮಾಡಿದ ಮನುಷ್ಯ. ಹಳ್ಳಿಯ ಒಲೆ, ಸಗಣಿ, ಸೌದೆಗೆ ತನ್ನ ಪಾಂಡಿತ್ಯವನ್ನು ತಿರುಗಿಸಿದವರು. 2006ರಲ್ಲಿ ತೀರಿಕೊಂಡರು. ತಂಡ ತನ್ನ ಕೇಂದ್ರ ಮಾಡಿಕೊಂಡದ್ದು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ.

ಬುದ್ಧಿವಂತರು ಹಳ್ಳಿಗೆ ಬಂದರೆ ಮೊದಲು ಬೋಧನೆ ಶುರುಮಾಡುತ್ತಾರೆ. ಇವರು ಮೊದಲು ಎಣಿಸಿದರು. ಅದು ನಮಗೆ ಮುಖ್ಯ. ಉಂಗ್ರದ ಸುತ್ತಿನ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಯಾರು ಎಷ್ಟು ಸೌದೆ ತರ್ತಾರೆ, ಎಷ್ಟು ದೂರದಿಂದ, ಎಷ್ಟು ಹೊತ್ತು ಅಂತ ಬರೆದುಕೊಂಡರು. ಪುರ ಅನ್ನುವ ಸಣ್ಣ ಹಳ್ಳಿ, 1977ರಲ್ಲಿ 56 ಮನೆ, 357 ಜನ. ಆ ಊರು ಬಳಸುತ್ತಿದ್ದ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತರ ಹತ್ತಿರ ಬರೀ ಸೌದೆ. ಕರೆಂಟಿನ ಪಾಲು ನೂರಕ್ಕೆ ಒಂದೋ ಏನೋ. ಸೌದೆಯಲ್ಲಿ ದುಡ್ಡು ಕೊಟ್ಟು ಕೊಂಡದ್ದು ತೀರ ಕಡಿಮೆ, ಉಳಿದದ್ದೆಲ್ಲ ಆರಿಸಿ ತಂದದ್ದು. ಒಂದು ಮನೆಯವರು ಸೌದೆಗಾಗಿ ದಿನಕ್ಕೆ ಸರಾಸರಿ ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ಕಳೆಯುತ್ತಿದ್ದರು, ಐದು ಕಿಲೋಮೀಟರಿನಷ್ಟು ನಡೆಯುತ್ತಿದ್ದರು. ನೀರಿನ ನಡಿಗೆ ಬೇರೆ. ಊರಿನ ಒಟ್ಟು ಮನುಷ್ಯ ದುಡಿಮೆಯ ಗಂಟೆಗಳನ್ನು ಕೂಡಿದರೆ ನೂರಕ್ಕೆ 53 ಹೆಂಗಸರದು, 31 ಗಂಡಸರದು, 16 ಮಕ್ಕಳದು.

ಮೇಷ್ಟ್ರುಗಳು ಈ ಕೊನೆಯ 16ನ್ನು ಗಮನಿಸಬೇಕು. ಹುಡುಗ ಶಾಲೆಗೆ ಬರಲ್ಲ, ದಡ್ಡ, ಅಪ್ಪ ಅಮ್ಮನಿಗೆ ವಿದ್ಯೆಯ ಬೆಲೆ ಗೊತ್ತಿಲ್ಲ ಅಂತ ಹಾಜರಿ ಪುಸ್ತಕದಲ್ಲಿ ಗೆರೆ ಎಳೆದಾಗ ಆ ಹುಡುಗ ಎಲ್ಲಿದ್ದ? ಪುಳ್ಳೆ ಹೊರೆಯ ಕೆಳಗಿದ್ದ, ಇಲ್ಲ ದನದ ಹಿಂದೆ ಇದ್ದ. ಅವನು ಊರಿನ ವಿದ್ಯುತ್ ಮಂಡಳಿಯಲ್ಲಿ ಕೂಲಿ ಇಲ್ಲದ ನೌಕರ.

ಈಗ ಸಗಣಿಯ ವಿಷಯ. ಗೋಬರ್ ಗ್ಯಾಸ್ ಆ ಹೊತ್ತಿಗೇ ಹೊಸದೇನೂ ಅಲ್ಲ. ಖಾದಿ ಗ್ರಾಮೋದ್ಯೋಗ ಆಯೋಗ ಅರವತ್ತರ ದಶಕದಿಂದಲೇ ಅದನ್ನು ಹಂಚುತ್ತಿತ್ತು. ಹಂಚಿದ್ದು ಯಾರಿಗೆ? ಎರಡು ಘನ ಮೀಟರಿನ ಸಣ್ಣ ಗುಂಡಿಗೂ ನಾಲ್ಕೈದು ದನ ಬೇಕು. ಗುಂಡಿ ತೋಡಲು ಜಾಗ ಬೇಕು, ಕಲಸಲು ನೀರು ಬೇಕು, ಸಾಲ ಕೊಡುವ ಬ್ಯಾಂಕಿಗೆ ತೋರಿಸಲು ಪಹಣಿ ಬೇಕು. ಇಷ್ಟೂ ಇರುವವನು ಊರಗೌಡ. ಅವನ ಮನೆಗೆ ಸಹಾಯಧನದ ಗ್ಯಾಸು ಬಂದಾಗ ಕೇರಿಯಲ್ಲಿ ಆದದ್ದು ಏನು? ಅಲ್ಲಿಯವರೆಗೆ ದಾರಿಯಲ್ಲಿ, ಕೆರೆ ಅಂಗಳದಲ್ಲಿ, ಗೋಮಾಳದಲ್ಲಿ ಬಿದ್ದ ಸಗಣಿ ಯಾರು ಬಾಚಿದರೆ ಅವರದು. ನಮ್ಮ ತಾಯಂದಿರು ಕುಕ್ಕೆ ಹಿಡಿದು ಬಾಚಿ ಬೆರಣಿ ತಟ್ಟಿ ಒಲೆ ಹಚ್ಚುತ್ತಿದ್ದರು. ಗುಂಡಿಗೆ ಸಗಣಿ ಬೇಕಾದ ಕೂಡಲೇ ಅದಕ್ಕೆ ಬೆಲೆ ಬಂತು. ಬೆಲೆ ಬಂದ ಕೂಡಲೇ ಯಜಮಾನ ಹುಟ್ಟಿದ. ಕೊಟ್ಟಿಗೆ ಬಾಚುವ ಕೆಲಸ ನಮ್ಮದು, ಗ್ಯಾಸಿನ ಉರಿ ಅವರದು. 1976ರಲ್ಲಿ ಜೀತ ರದ್ದಾಯಿತು ಅಂತ ಕಾನೂನು ಬಂದ ಮೇಲೂ ಅನೇಕ ಕೊಟ್ಟಿಗೆಗಳಲ್ಲಿ ಬಾಚುವ ಕೈ ಬದಲಾಗಲಿಲ್ಲ. ಹೀಗಿರುವಾಗ ಗೋಬರ್ ಗ್ಯಾಸ್ ಅಂದರೆ ಕೇರಿಯವರು ಮುಖ ತಿರುಗಿಸಿದರೆ ಅದು ಮೂಢತನವೋ, ಅನುಭವವೋ?

ಅಸ್ತ್ರದವರು ಈ ತೊಡಕನ್ನು ಕಂಡಿದ್ದರು. ಹಾಗಾಗಿ ಒಂದೊಂದು ಮನೆಗೆ ಬೇಡ, ಊರಿಗೆಲ್ಲ ಒಂದೇ ಗುಂಡಿ ಮಾಡೋಣ, ಎಲ್ಲರ ಸಗಣಿ, ಎಲ್ಲರಿಗೂ ಅಡುಗೆ ಗ್ಯಾಸು ಅಂತ ಪುರದಲ್ಲಿ ಹೊರಟರು. ಮೊದಲ ಪ್ರಯತ್ನ ಸೋತಿತು. ಊರಿನಲ್ಲಿರುವ ಸಗಣಿಯಲ್ಲಿ ಎಲ್ಲ ಮನೆಗೂ ಎರಡು ಹೊತ್ತಿನ ಅಡುಗೆಗೆ ಸಾಕಾಗುವಷ್ಟು ಗ್ಯಾಸು ಹುಟ್ಟಲಿಲ್ಲ. ಅರೆಬರೆ ಬೆಂದ ಅನ್ನಕ್ಕೆ ಮತ್ತೆ ಪುಳ್ಳೆ ಹಚ್ಚುವುದಾದರೆ ಸಗಣಿ ಯಾಕೆ ಹೊರಬೇಕು? ಜನ ಬಿಟ್ಟರು.

ಇಲ್ಲಿಗೇ ನಿಂತಿದ್ದರೆ ಇದೂ 'ಜನ ಒಪ್ಪಲಿಲ್ಲ' ಅನ್ನುವ ವರದಿಗಳ ರಾಶಿಗೆ ಸೇರುತ್ತಿತ್ತು. ಆದರೆ ಇವರು ಜನರನ್ನೇ ಕೇಳಿದರು. ನಿಮಗೆ ಏನು ಬೇಕು? ಉತ್ತರ ಅಡುಗೆ ಗ್ಯಾಸ್ ಅಲ್ಲ, ಕುಡಿಯುವ ನೀರು. ಶುದ್ಧವಾದ ನೀರು, ಮನೆ ಹತ್ತಿರ. ನೀರು ಸಿಗುವುದಾದರೆ ಸಗಣಿ ಕೊಡುತ್ತೇವೆ ಅಂದರು. ಹೀಗೆ 1987ರಲ್ಲಿ ಪುರದ ಗ್ಯಾಸು ಒಲೆಗೆ ಹೋಗುವುದನ್ನು ಬಿಟ್ಟು ಎಂಜಿನ್ನಿಗೆ ಹೋಯಿತು. ಸ್ವಲ್ಪ ಡೀಸೆಲ್ಲು, ಹೆಚ್ಚು ಪಾಲು ಗೋಬರ್ ಗ್ಯಾಸು, ಐದು ಕಿಲೋವಾಟಿನ ಜನರೇಟರು. ಆ ಕರೆಂಟಿನಿಂದ ಕೊಳವೆ ಬಾವಿಯ ನೀರು ಮೇಲೆತ್ತಿ ಬೀದಿ ನಲ್ಲಿಗಳಿಗೆ ಬಿಟ್ಟರು. ಸಂಜೆ ಮನೆಗಳಿಗೆ ಟ್ಯೂಬ್‌ಲೈಟು.

ಅದರ ಲೆಕ್ಕಾಚಾರವನ್ನು ನಮ್ಮ ಕಾರ್ಯಕರ್ತರು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ನ್ಯಾಯ ಅನ್ನೋದು ಇಂಥ ಸಣ್ಣ ಲೆಕ್ಕದಲ್ಲೇ ಅಡಗಿರುತ್ತದೆ. ಮನೆಯವರು ಬೆಳಗ್ಗೆ ಸಗಣಿ ಹೊತ್ತು ತಂದು ತೂಕ ಮಾಡಿಸುತ್ತಿದ್ದರು. ತಂದದ್ದಕ್ಕೆ ಕಿಲೋಗೆ ಎರಡು ಪೈಸೆ. ಇದು ಸಗಣಿಯ ಬೆಲೆಯಲ್ಲ, ಹೊತ್ತು ತಂದ ಕೂಲಿ. ಸಗಣಿಯ ಬೆಲೆಗೆ ಬದಲಾಗಿ ಗ್ಯಾಸು ತೆಗೆದ ಮೇಲೆ ಉಳಿಯುವ ಬಗ್ಗಡವನ್ನು, ಅಂದರೆ ಇನ್ನೂ ಒಳ್ಳೆಯ ಗೊಬ್ಬರವನ್ನು, ತಂದ ಪ್ರಮಾಣಕ್ಕೆ ತಕ್ಕಂತೆ ವಾಪಸು ಕೊಡುತ್ತಿದ್ದರು. ಹೊರುತ್ತಿದ್ದವರು ಹೆಚ್ಚಾಗಿ ಹೆಂಗಸರು, ಮಕ್ಕಳು. ಅಂದರೆ ತಲೆತಲಾಂತರದಿಂದ ಬಿಟ್ಟಿಯಾಗಿ ಮಾಡಿದ ಕೆಲಸಕ್ಕೆ ಮೊದಲ ಸಲ ಹೆಂಗಸಿನ ಕೈಗೆ ಕಾಸು ಬಂತು. ಎರಡು ಪೈಸೆ ಅಂತ ನಗಬೇಡಿ. ಕೊಟ್ಟಿಗೆ ಬಾಚಿದ್ದಕ್ಕೆ ಅದಕ್ಕೂ ಮೊದಲು ಸಿಗುತ್ತಿದ್ದುದು ತಂಗಳು.

ಯಂತ್ರ ನೋಡಿಕೊಂಡವರು ಊರಿನ ಇಬ್ಬರು ಹುಡುಗರು. ಹಣಕಾಸು, ಲೆಕ್ಕಪತ್ರ ಊರಿನ ಗ್ರಾಮ ವಿಕಾಸ ಸಭೆಯದು. 1991ರ ಹೊತ್ತಿಗೆ ಊರು ಬೆಳೆದು 87 ಮನೆ ಆಗಿತ್ತು, 463 ಜನ. 60 ಮನೆಗಳಲ್ಲಿ 103 ಟ್ಯೂಬ್‌ಲೈಟು ಉರಿಯುತ್ತಿದ್ದವು. ಒಂಬತ್ತು ನಲ್ಲಿ. ಬಹುತೇಕ ಮನೆಗಳವರು ತಿಂಗಳ ಹಣ ತಪ್ಪದೆ ಕಟ್ಟುತ್ತಿದ್ದರು. ಸರ್ಕಾರಿ ತಂತಿಯ ಕರೆಂಟು ಬಂದರೆ ಬಂತು ಹೋದರೆ ಹೋಯ್ತು ಅನ್ನುವ ಕಾಲದಲ್ಲಿ ಇವರ ದೀಪ ಸಂಜೆ ಹೊತ್ತಿಗೆ ಸರಿಯಾಗಿ ಹತ್ತುತ್ತಿತ್ತು.

ಅಮೆರಿಕದ ಗ್ಯಾರೆಟ್ ಹಾರ್ಡಿನ್ ಅನ್ನುವವನು 1968ರಲ್ಲಿ ಒಂದು ಪ್ರಬಂಧ ಬರೆದ. ಎಲ್ಲರಿಗೂ ಸೇರಿದ ಸೊತ್ತು ಹಾಳಾಗಿಯೇ ತೀರುತ್ತದೆ, ಪ್ರತಿಯೊಬ್ಬನೂ ತನ್ನ ದನವನ್ನೇ ಹೆಚ್ಚು ಮೇಯಿಸುತ್ತಾನೆ ಅನ್ನೋದು ಅವನ ವಾದ. ಗೋಮಾಳ ಕಬಳಿಸಲು ಕಾದಿರುವವರಿಗೆ ಈ ವಾದ ಬಹಳ ಪ್ರಿಯ. ರೆಡ್ಡಿ ಪುರದ ಉದಾಹರಣೆ ಮುಂದಿಟ್ಟು ಇದಕ್ಕೆ ಉತ್ತರ ಬರೆದರು. ಒಬ್ಬ ಸಗಣಿ ಕೊಡದೆ ಉಳಿಸಿಕೊಂಡರೆ ಅವನಿಗೆ ಆಗುವ ಲಾಭಕ್ಕಿಂತ ಯಂತ್ರ ನಿಂತು ಅವನ ಮನೆಯ ನೀರೂ ದೀಪವೂ ಹೋದರೆ ಆಗುವ ನಷ್ಟ ದೊಡ್ಡದು. ಹಾಗಿರುವಲ್ಲಿ ಸಾಮಾನ್ಯ ಸೊತ್ತು ಉಳಿಯುತ್ತದೆ ಅಂದರು. ನಾವು ಇದಕ್ಕೆ ಇನ್ನೊಂದು ಮಾತು ಸೇರಿಸುತ್ತೇವೆ. ಹಾಗೆ ಉಳಿಯಬೇಕಾದರೆ ಆ ನಲ್ಲಿ ಎಲ್ಲರ ಬೀದಿಯಲ್ಲೂ ಇರಬೇಕು. ಬಾವಿಕಟ್ಟೆ ಹತ್ತಿದರೆ ಮೈಲಿಗೆ ಅನ್ನುವ ನಾಡಿನಲ್ಲಿ ನಲ್ಲಿ ಎಲ್ಲಿ ನಿಲ್ಲಬೇಕು ಅನ್ನೋದು ಎಂಜಿನಿಯರ್ ಒಬ್ಬನೇ ತೀರ್ಮಾನಿಸುವ ಪ್ರಶ್ನೆಯಲ್ಲ. ಕೇರಿಯ ಬಾಯಿಗೇ ನೀರು ಬಂದರೆ ಮೇಲಿನಿಂದ ಯಾರಾದರೂ ಸುರಿಯಲಿ ಅಂತ ಕೊಡ ಹಿಡಿದು ಕಾಯುವುದು ತಪ್ಪುತ್ತದೆ. ಗೋಬರ್ ಗ್ಯಾಸಿನಿಂದ ಸಿಗಬಹುದಾದ ಅತಿ ದೊಡ್ಡ ಶಕ್ತಿ ಇದೇ ಅಂತ ನಮಗೆ ಅನ್ನಿಸುತ್ತದೆ.

ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿ ಇನ್ನೊಂದು ಪ್ರಯೋಗ. ಅಲ್ಲಿಗೆ ಕರೆಂಟ್ ಕಂಬವೇ ಬಂದಿರಲಿಲ್ಲ. ಮೂವತ್ತೈದರ ಆಸುಪಾಸು ಮನೆ. ಊರ ಪಕ್ಕ ಎರಡು ಹೆಕ್ಟೇರಿನಷ್ಟು ಜಾಗದಲ್ಲಿ ಗಿಡ ಬೆಳೆಸಿ, ಅದರ ಕಟ್ಟಿಗೆಯನ್ನು ಗಾಳಿ ಕಡಿಮೆ ಕೊಟ್ಟು ಸುಟ್ಟು, ಬರುವ ಅನಿಲದಿಂದ ಎಂಜಿನ್ ಓಡಿಸಿದರು. ಶುರುವಿನಲ್ಲಿ 3.7 ಕಿಲೋವಾಟು, ಆಮೇಲೆ 20. ಮೊದಲು ದೀಪ, ನಂತರ ನೀರು, ನಂತರ ಹಿಟ್ಟಿನ ಗಿರಣಿ, ಕೊನೆಗೆ ನೀರಾವರಿ. ಹದಿನಾಲ್ಕು ವರ್ಷಕ್ಕೂ ಮೇಲೆ ನಡೆಯಿತು. ರಾಗಿ ಬೀಸುವ ಕಲ್ಲಿನ ಮುಂದೆ ನಸುಕಿನಲ್ಲಿ ಕೂತು ರಟ್ಟೆ ಸೋತ ಹೆಂಗಸಿಗೆ ಗಿರಣಿ ಅಂದರೆ ಏನು ಅಂತ ವಿವರಿಸಬೇಕಾಗಿಲ್ಲ. ಅವಳಿಗೆ ಯಾರೂ 'ಪ್ರೇರಣೆ' ಕೊಡಬೇಕಾಗಿರಲಿಲ್ಲ.

ಹಾಗಾದರೆ ಇವೆಲ್ಲ ಈಗ ಎಲ್ಲಿ? ಪುರದ ಸ್ಥಾವರ ತೊಂಬತ್ತರ ದಶಕದಲ್ಲೂ ನಡೆದು ಆಮೇಲೆ ನಿಂತಿತು. ಹೊಸಹಳ್ಳಿಯದೂ ಹಾಗೇ. ಇದನ್ನು ಹೇಳಿ ನಗುವವರಿದ್ದಾರೆ. ನಗುವ ಮೊದಲು ದರ ನೋಡಲಿ. ದೊಡ್ಡ ವಿದ್ಯುತ್ತಿಗೆ ಸರ್ಕಾರ ಅಣೆಕಟ್ಟು ಕಟ್ಟಿತು, ರಾಯಚೂರಿನಲ್ಲಿ ಕಲ್ಲಿದ್ದಲಿನ ಸ್ಥಾವರ ಕಟ್ಟಿತು, ತಂತಿ ಎಳೆಯಿತು, ನಷ್ಟ ತುಂಬಿತು. ಪಂಪ್‌ಸೆಟ್ಟಿಗೆ ಬಿಟ್ಟಿ ಕರೆಂಟು ಕೊಟ್ಟಿತು. ಊರಿನವರು ತಾವೇ ಸಗಣಿ ಹೊತ್ತು, ತಾವೇ ಡೀಸೆಲ್ ಕೊಂಡು, ತಾವೇ ಸಂಬಳ ಕೊಟ್ಟು ನಡೆಸುವ ಐದು ಕಿಲೋವಾಟಿಗೆ ಅಂಥ ಬೆನ್ನೆಲುಬು ಯಾರು ಕೊಟ್ಟರು? ದೊಡ್ಡದರ ನಷ್ಟಕ್ಕೆ ಸಹಾಯಧನ ಅಂತ ಹೆಸರು, ಸಣ್ಣದರ ನಷ್ಟಕ್ಕೆ ವೈಫಲ್ಯ ಅಂತ ಹೆಸರು. ಜೊತೆಗೆ ದನ ಕಡಿಮೆಯಾದವು, ಗೋಮಾಳ ಒತ್ತುವರಿಯಾಯಿತು, ಯಂತ್ರ ಕಲಿತ ಹುಡುಗರು ಬೆಂಗಳೂರಿನ ಬಸ್ಸು ಹತ್ತುವ ಕಾಲ ಬಂತು.

ಅಸ್ತ್ರ ಒಲೆಯ ಕಥೆ ಚಿಕ್ಕದು, ಆದರೆ ಹೇಳಲೇಬೇಕು. ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಯವರು ಎಂಬತ್ತರ ದಶಕದ ಆರಂಭದಲ್ಲಿ ರೂಪಿಸಿದ ಮೂರು ಪಾತ್ರೆಯ ಮಣ್ಣಿನ ಒಲೆ. ಮುದ್ದೆ, ಸಾರು, ಬಿಸಿನೀರು ಒಂದೇ ಉರಿಯಲ್ಲಿ. ಹೊಗೆ ಕೊಳವೆಯಲ್ಲಿ ಹೊರಗೆ. ಸೌದೆ ಸುಮಾರು ಅರ್ಧ ಉಳಿಯುತ್ತದೆ. ಒಳ್ಳೆಯ ಒಲೆ, ಅನುಮಾನ ಬೇಡ. ಕೇಂದ್ರ ಸರ್ಕಾರ ಎಂಬತ್ತರ ದಶಕದಲ್ಲಿ ಸುಧಾರಿತ ಒಲೆಗಳ ಕಾರ್ಯಕ್ರಮ ತಂದ ಮೇಲೆ ಒಲೆ ಗುರಿಯಾಯಿತು, ಇಷ್ಟು ತಿಂಗಳಿಗೆ ಇಷ್ಟು ಒಲೆ. ಕಟ್ಟುವವರು ಬಂದರು, ಕಟ್ಟಿದರು, ಬರೆದುಕೊಂಡರು, ಹೋದರು. ಸೋಗೆ ಗುಡಿಸಿಲಿನ ಮಾಡಿಗೆ ಕೊಳವೆ ತೂರಿಸಿದರೆ ಮಳೆಗಾಲದಲ್ಲಿ ಸೋರುತ್ತದೆ. ಕೊಳವೆಯಲ್ಲಿ ಮಸಿ ಕಟ್ಟಿದರೆ ತೆಗೆಯೋರು ಯಾರು? ಒಂದೇ ಅಂಕಣದ ಮನೆಯಲ್ಲಿ ಕಟ್ಟಿದ ಒಲೆಯನ್ನು ಎತ್ತಿ ಹೊರಗಿಡೋ ಹಾಗಿಲ್ಲ. ಒಲೆ ಬಾಯಿ ಚಿಕ್ಕದು, ದಪ್ಪ ಎಡೆಮಟ್ಟೆಯನ್ನು ಸೀಳಿ ಹಾಕಬೇಕು, ಕೂಲಿಯಿಂದ ಕತ್ತಲಲ್ಲಿ ಬಂದವಳಿಗೆ ಸೀಳಲು ಪುರುಸೊತ್ತೆಲ್ಲಿ? ಮೂರು ಕಲ್ಲಿನ ಒಲೆಗೆ ಯಾವುದಾದರೂ ಆಗುತ್ತದೆ. 2002ರಲ್ಲಿ ಕೇಂದ್ರ ಆ ಕಾರ್ಯಕ್ರಮವನ್ನೇ ಕೈಬಿಟ್ಟಿತು. 2016ರಲ್ಲಿ ಉಜ್ವಲಾ ಸಿಲಿಂಡರ್ ಬಂತು. ಮೊದಲ ಸಿಲಿಂಡರ್ ಖಾಲಿಯಾದ ಮೇಲೆ ಎರಡನೆಯದಕ್ಕೆ ದುಡ್ಡು ಹೊಂದಿಸುವ ವಾರಗಳಲ್ಲಿ ಮತ್ತೆ ಅದೇ ಮೂರು ಕಲ್ಲು.

ಗುಬ್ಬಿಯ ಕಡೆ ನೋಡಿ. ತೆಂಗು, ಅಡಿಕೆಯ ಸೀಮೆ. ಸೋಗೆ, ಎಡೆಮಟ್ಟೆ, ಕರಟ, ಸಿಪ್ಪೆ ಎಲ್ಲ ಉರುವಲೇ. ಆದರೆ ತೋಟ ಯಾರದೋ ಸೋಗೆ ಅವರದು. ತೋಟದ ಕೂಲಿಗೆ ಹೋದ ಹೆಂಗಸು ಸಂಜೆ ಒಂದು ಹೊರೆ ಸೋಗೆ ಕೇಳಿ ತರಬೇಕು. ಯಜಮಾನನಿಗೆ ಬೇಸರವಾದ ದಿನ ಸೋಗೆ ಇಲ್ಲ. ಕೂಲಿ ಹೆಚ್ಚಿಗೆ ಕೇಳಿದ ವಾರ ಸೋಗೆ ಇಲ್ಲ. ನಮ್ಮ ಸಂಘಟನೆಗಳು ಕೂಲಿ ದರದ ಬಗ್ಗೆ ಹೋರಾಡಿದಷ್ಟು ಈ ಉರುವಲಿನ ಹಂಗಿನ ಬಗ್ಗೆ ಯೋಚಿಸಿಲ್ಲ. ಅದೇ ತೋಟದ ಪಂಪ್‌ಸೆಟ್ಟಿಗೆ 10 ಅಶ್ವಶಕ್ತಿಯವರೆಗೆ 2008ರಿಂದ ಕರೆಂಟು ಪುಕ್ಕಟೆ. ಬಿಟ್ಟಿ ಕರೆಂಟು ಇರುವಾಗ ಸಾಲ ಮಾಡಿ ಸೌರ ಪಂಪು ಯಾಕೆ ಹಾಕಿಸಲಿ ಅಂತ ತೋಟದವನು ಕೇಳಿದರೆ ಅವನ ಲೆಕ್ಕ ಸರಿಯಾಗಿಯೇ ಇದೆ. ಪಂಪೇ ಇಲ್ಲದವನಿಗೆ ಬಿಟ್ಟಿಯೂ ಇಲ್ಲ, ಸೌರವೂ ಇಲ್ಲ.

ಉರುವಲಿನ ಹೆಸರಿನಲ್ಲೇ ಇನ್ನೊಂದು ಮೋಸವೂ ನಡೆಯಿತು. ಎಂಬತ್ತರ ದಶಕದ ಸಾಮಾಜಿಕ ಅರಣ್ಯ. ವಿಶ್ವಬ್ಯಾಂಕಿನ ಸಾಲ. ಹಳ್ಳಿಗರಿಗೆ ಸೌದೆ, ಮೇವು ಬೆಳೆಸುತ್ತೇವೆ ಅಂತ ಹೊರಟವರು ನೆಟ್ಟದ್ದು ನೀಲಗಿರಿ. ದನ ಮುಟ್ಟದ ಸೊಪ್ಪು, ರೇಯಾನ್ ಕಾರ್ಖಾನೆಗೆ ಹೋಗುವ ದಿಮ್ಮಿ. ರಾಗಿ ಬೆಳೆಯುತ್ತಿದ್ದ ಹೊಲಗಳೂ ನೀಲಗಿರಿಯಾದವು, ಕಳೆ ಕೀಳುವ, ಕೊಯ್ಯುವ ಕೂಲಿ ಹೋಯಿತು. 1983ರ ಆಗಸ್ಟ್‌ನಲ್ಲಿ ನಮ್ಮ ಜಿಲ್ಲೆಯ ಎರಡು ಹಳ್ಳಿಯ ಜನ ಅರಣ್ಯ ಇಲಾಖೆಯ ಸಸಿಮಡಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಹಾಕಿದರು. ಅವರನ್ನು ಬಂಧಿಸಿದರು. ಮರ ಬೇಡ ಅಂತ ಅವರು ಹೇಳಿದ್ದೇ? ಯಾವ ಮರ, ಯಾರಿಗೆ ಅಂತ ಕೇಳಿದ್ದು.

2001ರಲ್ಲಿ ವಿಶ್ವಸಂಸ್ಥೆಯ ನೆರವಿನಿಂದ 'ಗ್ರಾಮೀಣ ಭಾರತಕ್ಕೆ ಜೈವಿಕ ಇಂಧನ' ಅನ್ನುವ ಯೋಜನೆ ತುಮಕೂರು ಜಿಲ್ಲೆಗೇ ಬಂತು. ಗುಬ್ಬಿ, ಕೊರಟಗೆರೆ, ಮಧುಗಿರಿ, ಸಿರಾ ಕಡೆಯ ಹಳ್ಳಿಗಳನ್ನು ಆರಿಸಿದರು. ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ 2007ರಲ್ಲಿ 500 ಕಿಲೋವಾಟಿನ ಕಟ್ಟಿಗೆ ಅನಿಲದ ಸ್ಥಾವರ ಶುರುವಾಯಿತು. ಕರೆಂಟನ್ನು ಬೆಸ್ಕಾಂ ತಂತಿಗೆ ಮಾರಿದರು. ಸಿಕ್ಕ ದರ ತಯಾರಿಸುವ ಖರ್ಚಿಗೂ ಸಾಲದಾಯಿತು. ಹೊಸಹಳ್ಳಿಯಲ್ಲಿ ಕಟ್ಟಿಗೆ ಹಾಕಿದವನ ಮನೆಯಲ್ಲೇ ದೀಪ ಹತ್ತುತ್ತಿತ್ತು. ಇಲ್ಲಿ ಊರಿನ ಕಟ್ಟಿಗೆ ಗ್ರಿಡ್ಡಿನೊಳಗೆ ಕರಗಿಹೋಯಿತು. ಮರ ಕಡಿದು ತಂದವನಿಗೆ ಇದು ನನ್ನ ಕರೆಂಟು ಅನ್ನಿಸುವುದು ಹೇಗೆ?

ತುಮಕೂರು ನಗರದ ಮಾತು ಬೇರೆ ಬಗೆಯದು. ಅಲ್ಲಿ ಪ್ರಶ್ನೆ ಸಗಣಿಯದಲ್ಲ, ಮಾಳಿಗೆಯದು. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸೂರ್ಯ ಘರ್ ಯೋಜನೆ ತಂದಿತು. ಮಾಳಿಗೆ ಮೇಲೆ ಮೂರು ಕಿಲೋವಾಟಿನ ಫಲಕ ಹಾಕಿಸಿದರೆ 78,000 ರೂಪಾಯಿ ಸಹಾಯಧನ. ಒಂದು ಕಿಲೋವಾಟಿಗೆ ಸುಮಾರು ನೂರು ಚದರಡಿ ಜಾಗ, ಗಟ್ಟಿ ಮಾಳಿಗೆ, ಸ್ವಂತ ಹೆಸರಿನ ಮೀಟರು, ಖಾತೆ ಬೇಕು. ಬಾಡಿಗೆ ಮನೆಯ ಶಿಕ್ಷಕ, ಶೀಟು ಮನೆಯ ಪೌರಕಾರ್ಮಿಕ, ಹಕ್ಕುಪತ್ರಕ್ಕೆ ಅಲೆಯುತ್ತಿರುವ ಕೊಳೆಗೇರಿಯ ಕುಟುಂಬ, ಇವರ ತಲೆ ಮೇಲೂ ಸೂರ್ಯ ಅಷ್ಟೇ ಸುಡುತ್ತಾನೆ. ಸಹಾಯಧನ ಮಾತ್ರ ಆರ್.ಸಿ.ಸಿ. ಮಾಳಿಗೆಯ ಮೇಲೆ ಇಳಿಯುತ್ತದೆ.

ಇನ್ನೊಂದು ಕಡೆ 2023ರಿಂದ ರಾಜ್ಯದ ಗೃಹಜ್ಯೋತಿ. ತಿಂಗಳಿಗೆ 200 ಯೂನಿಟ್ ಒಳಗೆ, ಮನೆಯ ಹಿಂದಿನ ಸರಾಸರಿಗೆ ಸ್ವಲ್ಪ ಸೇರಿಸಿದಷ್ಟು ಉಚಿತ. ಬಿಲ್ಲೇ ಬರದ ಮನೆಯವನು ಸೌರಫಲಕಕ್ಕೆ ಯಾಕೆ ದುಡ್ಡು ಸುರಿಯುತ್ತಾನೆ ಅಂತ ಕೆಲವು ಪರಿಸರವಾದಿಗಳು ಗೊಣಗುತ್ತಾರೆ. ಈ ಗೊಣಗಾಟದಲ್ಲಿ ನಾವು ಪಾಲುದಾರರಲ್ಲ. ಗಣಿಗೆ, ಕಾರ್ಖಾನೆಗೆ, ತೋಟಕ್ಕೆ ಒಂದು ಶತಮಾನ ಅಗ್ಗದ ಕರೆಂಟು ಹರಿದಾಗ ಇಲ್ಲದ ಚಿಂತೆ ಬಡವನ ಬಲ್ಬಿಗೆ ಬಂದಾಗ ಯಾಕೆ? ಆದರೆ ಒಂದು ಮಾತು ನಮ್ಮವರೂ ಯೋಚಿಸಬೇಕು. ಉಚಿತ ಕರೆಂಟು ಇವತ್ತಿನ ಸರ್ಕಾರದ ಆಜ್ಞೆ, ನಾಳಿನ ಸರ್ಕಾರ ಅದನ್ನು ಅಳಿಸಬಹುದು. ಅದೇ ಹಣದ ಒಂದು ಪಾಲಿನಲ್ಲಿ ಕೇರಿಯ ಸಮುದಾಯ ಭವನದ ಮೇಲೆ, ಹಾಸ್ಟೆಲುಗಳ ಮೇಲೆ ಕೇರಿಯ ಹೆಸರಿನಲ್ಲೇ ಫಲಕ ಹಾಕಿಸಿಕೊಂಡರೆ ಅದು ನಮ್ಮ ಸೊತ್ತು. ಕರ್ನಾಟಕದಲ್ಲಿ 1995ರಿಂದ ಹರೀಶ್ ಹಂದೆಯವರ ಸೆಲ್ಕೊ ಗ್ರಾಮೀಣ ಬ್ಯಾಂಕುಗಳ ಸಣ್ಣ ಕಂತಿನ ಸಾಲದ ಮೇಲೆ ಬಡ ಮನೆಗಳಿಗೆ ಸೌರದೀಪ ಕೊಟ್ಟದ್ದಿದೆ. ಬೀದಿ ವ್ಯಾಪಾರಿ, ಬೀಡಿ ಕಟ್ಟುವವರು ದಿನಗೂಲಿಯಲ್ಲಿ ಕಂತು ಕಟ್ಟಬಲ್ಲರು ಅನ್ನೋದು ಅಲ್ಲಿ ಸಾಬೀತಾಯಿತು. ಕಂಪನಿಯ ಹೊಗಳಿಕೆಗೆ ಇದನ್ನು ಹೇಳುತ್ತಿಲ್ಲ. ಬಡವನಿಗೆ ಸಾಲ ಕೊಟ್ಟರೆ ಮುಳುಗುತ್ತದೆ ಅನ್ನುವ ಬ್ಯಾಂಕ್ ಮ್ಯಾನೇಜರುಗಳಿಗೆ ಹೇಳುತ್ತಿದ್ದೇವೆ.

ಕೊನೆಗೆ ಜಿಲ್ಲೆಯ ಉತ್ತರದ ತುದಿಗೆ ಹೋಗಬೇಕು, ಪಾವಗಡಕ್ಕೆ. ಐದು ಕಿಲೋವಾಟಿನ ಪುರವೂ ಎರಡು ಸಾವಿರ ಮೆಗಾವಾಟಿನ ಪಾವಗಡವೂ ಒಂದೇ ಜಿಲ್ಲೆಯಲ್ಲಿವೆ ಅನ್ನೋದನ್ನು ನಮ್ಮ ವಿದ್ಯಾರ್ಥಿಗಳು ಒಂದೇ ನಕ್ಷೆಯಲ್ಲಿ ಗುರುತು ಮಾಡಿ ನೋಡಬೇಕು. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು. ಬರದಲ್ಲಿ ಬೆಂದ ಐದು ಹಳ್ಳಿಗಳು. ಸುಮಾರು 13,000 ಎಕರೆ. 2018ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಮೊದಲ ಹಂತ ಉದ್ಘಾಟಿಸಿದರು. 2019ರ ಕೊನೆಗೆ 2,050 ಮೆಗಾವಾಟು ಪೂರ್ತಿಯಾಯಿತು. ಜಗತ್ತಿನ ಅತಿ ದೊಡ್ಡ ಸೋಲಾರ್ ಪಾರ್ಕುಗಳಲ್ಲಿ ಒಂದು ಅಂತ ಪತ್ರಿಕೆಗಳು ಬರೆದವು.

ಒಂದು ವಿಷಯ ಒಪ್ಪಿಕೊಳ್ಳೋಣ. ಇಲ್ಲಿ ಸರ್ಕಾರ ಭೂಮಿ ಕಿತ್ತುಕೊಳ್ಳಲಿಲ್ಲ, ಗುತ್ತಿಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಸತತ ಬರದಲ್ಲಿ ಕಡಲೆಕಾಯಿ ಬಿತ್ತಿ ಬೀಜವೂ ಕಾಣದ ರೈತನಿಗೆ ಅದು ಸಣ್ಣ ಹಣವಲ್ಲ. ಹತ್ತು, ಇಪ್ಪತ್ತು ಎಕರೆ ಇದ್ದವರು ಸಂತೋಷದಿಂದಲೇ ಸಹಿ ಹಾಕಿದರು. ಎರಡು ಎಕರೆಯವನು ಹಾಕಿದ, ಅವನಿಗೆ ಬೇರೆ ದಾರಿ ಇರಲಿಲ್ಲ. ಭೂಮಿ ಇಲ್ಲದವನು ಎಲ್ಲಿಗೆ ಸಹಿ ಹಾಕಬೇಕು? ದಾಖಲೆ ಇಲ್ಲದೆ ಸರ್ಕಾರಿ ಜಮೀನು ಉಳುತ್ತಿದ್ದ ಬಗರ್‌ಹುಕುಂ ಸಾಗುವಳಿದಾರನ ಕೈಗೆ ಬಾಡಿಗೆ ಬರಲಿಲ್ಲ, ಉಳುಮೆಯೂ ಹೋಯಿತು. ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದ ದಲಿತ ಹೆಂಗಸರಿಗೆ ಹೊಲವೇ ಇಲ್ಲದಂತಾಯಿತು. ಕುರಿ ಮೇಯಿಸುತ್ತಿದ್ದವರ ದಾರಿಗೆ ತಂತಿ ಬೇಲಿ ಬಿತ್ತು. ಪುಳ್ಳೆ ಆರಿಸುತ್ತಿದ್ದ ಬಯಲಿಗೂ ಅದೇ ಬೇಲಿ.

ಬೇಲಿಯ ಒಳಗೆ ಕೆಲಸ ಇದೆ. ಫಲಕದ ಕೆಳಗೆ ಬೆಳೆದ ಹುಲ್ಲು ಕೀಳುವುದು, ಧೂಳು ತೊಳೆಯುವುದು, ರಾತ್ರಿ ಕಾವಲು. ಎಲ್ಲ ಗುತ್ತಿಗೆದಾರನ ಕೈಕೆಳಗೆ. ಐ.ಟಿ.ಐ., ಡಿಪ್ಲೊಮಾ ಓದಿದ ಕೇರಿಯ ಹುಡುಗರಿಗೆ ಕಂಟ್ರೋಲ್ ರೂಮಿನ ಕೆಲಸಗಳಲ್ಲಿ ಎಷ್ಟು ಪಾಲು ಅಂತ ಐದೂ ಹಳ್ಳಿಗಳ ಗ್ರಾಮಸಭೆಯಲ್ಲಿ ಲಿಖಿತವಾಗಿ ಕೇಳಬೇಕು. ಪುರದಲ್ಲಿ ಯಂತ್ರದ ಕೀಲಿಕೈ ಊರಿನ ಇಬ್ಬರು ಹುಡುಗರ ಹತ್ತಿರ ಇತ್ತು.

ಗುತ್ತಿಗೆ ಪತ್ರದಲ್ಲಿ ಒಂದು ಶರತ್ತಿದೆ. ಎರಡು ವರ್ಷಕ್ಕೊಮ್ಮೆ ಬಾಡಿಗೆ ನೂರಕ್ಕೆ ಐದು ಏರಬೇಕು. ಜಮೀನುದಾರನಿಗೆ ಅದು ಸಿಗುತ್ತದೆ, ಸಿಗಲಿ. ಫಲಕದ ನೆರಳಲ್ಲಿ ಕೂತು ಹುಲ್ಲು ಕೀಳುವವಳ ಕೂಲಿ ಎರಡು ವರ್ಷಕ್ಕೆ ಎಷ್ಟು ಏರಬೇಕು ಅಂತ ಬರೆದ ಪತ್ರ ಮಾತ್ರ ಯಾವುದೂ ಇಲ್ಲ. ಅವಳು ಆ ಪತ್ರದಲ್ಲಿ ಕಕ್ಷಿದಾರಳೇ ಅಲ್ಲ.